ಹೊಸ ಕೆಲಸಗಾರನಿಗೆ ಕೆಲಸ ಕಲಿಸುವ ಕ್ರಮ

ಉತ್ತಮ ಬೀಜ, ಸಕಾಲದಲ್ಲಿ ಗೊಬ್ಬರ, ಹದವರಿತ ನೀರು, ಸಸ್ಯ ಸಂರಕ್ಷಣೆ ಮುಂತಾದ ವಿಷಯಗಳ ಬಗ್ಗೆ ಈ ಪುಟಗಳಲ್ಲಿ ಪ್ರತಿ ತಿಂಗಳೂ ಲೇಖನಗಳು ಬರುತ್ತಿರುತ್ತವೆ. ಆದರೆ ಆ ಬೀಜವನ್ನು ಬಿತ್ತುವ, ಗೊಬ್ಬರವನ್ನು ಎರಚುವ, ನೀರನ್ನು ಕಟ್ಟುವ ಕೈ ಯಾರದು ಎಂಬುದರ ಬಗ್ಗೆ ನಾವು ಬರೆದದ್ದು ಬಹಳ ಕಡಿಮೆ. ವಿಶ್ವವಿದ್ಯಾನಿಲಯದ ಶಿಫಾರಸು ರೈತರ ಕಿವಿಗೆ ತಲುಪಿದರೂ ಅದು ಮಣ್ಣಿಗೆ ಇಳಿಯುವುದು ಎಷ್ಟೋ ಕಡೆ ಕೂಲಿ ಕೆಲಸಗಾರರ ಕೈಯಿಂದಲೇ. ಎಕರೆಗೆ 1.3 ಲೀಟರ್ ಕಳೆನಾಶಕವೆಂದು ನಾವು ಎಷ್ಟೇ ನಿಖರವಾಗಿ ಹೇಳಿದರೂ, ನಿನ್ನೆ ತಾನೇ ಕೆಲಸಕ್ಕೆ ಸೇರಿದವನ ಹೆಗಲ ಮೇಲಿನ ಪಂಪಿನಿಂದ ಅದು ಎರಡು ಲೀಟರ್ ಆಗಿ ಬೀಳಬಹುದು, ಅರ್ಧ ಲೀಟರ್ ಆಗಿಯೂ ಬೀಳಬಹುದು.

ಕಾರ್ಖಾನೆಗಳಲ್ಲಿ, ಬ್ಯಾಂಕುಗಳಲ್ಲಿ ಹೊಸಬರು ಸೇರಿದಾಗ ಅವರಿಗೆ ಯಾವ ವಾರ ಏನು ಕಲಿಸಬೇಕೆಂಬ ಯೋಜನೆ ಇರುತ್ತದೆ. ಬೇಸಾಯದಲ್ಲಿ ಇಂಥ ಯೋಜನೆ ಏಕಿರಬಾರದು? ಒಬ್ಬಿಬ್ಬರು ಖಾಯಂ ಕೆಲಸಗಾರರನ್ನು ಇಟ್ಟುಕೊಂಡಿರುವ ಐದಾರು ಎಕರೆಯ ರೈತರೂ ಒಂದು ಹಾಳೆ ಕಾಗದ, ಒಂದು ಅಳತೆಯ ಜಗ್ಗು ಮತ್ತು ಸ್ವಲ್ಪ ತಾಳ್ಮೆಯಿಂದ ಇದನ್ನು ಮಾಡಿಕೊಳ್ಳಬಹುದು.

ನೋಡಿ ಕಲಿಯುವುದು ಈಗ ಸಾಲದು

ಹಿಂದೆ ಹಳ್ಳಿಗಳಲ್ಲಿ ಕೆಲಸ ಕಲಿಸುವುದು ಎಂಬ ಪ್ರತ್ಯೇಕ ಕೆಲಸವೇ ಇರಲಿಲ್ಲ. ಹುಡುಗ ಮೊದಲು ದನ ಕಾಯುತ್ತಿದ್ದ, ಸ್ವಲ್ಪ ದೊಡ್ಡವನಾದ ಮೇಲೆ ಕುಂಟೆಯ ಮೇಲೆ ಭಾರಕ್ಕೆ ಕೂರುತ್ತಿದ್ದ, ತೋಳಿಗೆ ಬಲ ಬಂದ ಮೇಲೆ ನೇಗಿಲ ಮೇಣಿ ಹಿಡಿಯುತ್ತಿದ್ದ. ಕುರಿಗೆಯ ಬಟ್ಟಲಿಗೆ ಬೀಜ ಬಿಡುವ ಹದ ತಾಯಿಯ ಕೈಯಿಂದ ಮಗಳ ಕೈಗೆ ಬರುತ್ತಿತ್ತು. ‘ನೋಡಿ ಕಲಿ, ಮಾಡಿ ತಿಳಿ’ ಎಂಬ ಮಾತು ಆ ಕಾಲಕ್ಕೆ ಸರಿಯಾಗಿಯೇ ಇತ್ತು, ಏಕೆಂದರೆ ನೋಡುವುದಕ್ಕೆ ಹತ್ತು ವರ್ಷಗಳ ಅವಕಾಶವಿತ್ತು.

ಇಂದು ಆ ಅವಕಾಶವಿಲ್ಲ. ಮಲೆನಾಡಿನ ಅಡಿಕೆ ತೋಟಕ್ಕೆ ಬಯಲುಸೀಮೆಯಿಂದ ಕೆಲಸಗಾರರು ಬರುತ್ತಾರೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಅಸ್ಸಾಮಿನಿಂದ ಬಂದವರು ದುಡಿಯುತ್ತಿದ್ದಾರೆ. ಇವರನ್ನು ಕೆಲಸ ಬಾರದವರೆಂದು ತಿಳಿಯುವುದು ತಪ್ಪು. ಜೋಳ, ಕಡಲೆ, ಭತ್ತದ ಕೆಲಸದಲ್ಲಿ ನುರಿತವರೇ ಅವರಲ್ಲಿ ಹಲವರು. ಈ ಬೆಳೆಗೆ, ಈ ಯಂತ್ರಕ್ಕೆ, ಈ ಮಣ್ಣಿಗೆ ಮಾತ್ರ ಹೊಸಬರು. ಜೊತೆಗೆ ಯಂತ್ರಗಳು, ವಿಷಗಳು ಹೆಚ್ಚಿವೆ. ಕುಂಟೆ ಹೊಡೆಯುವಾಗ ತಪ್ಪಿದರೆ ಒಂದು ಸಾಲು ಪೈರು ಹೋಗುತ್ತಿತ್ತು. ಒಕ್ಕಣೆ ಯಂತ್ರದ ಬಾಯಲ್ಲಿ ತಪ್ಪಿದರೆ ಹೋಗುವುದು ಮುಂಗೈ.

ಎಲ್ಲಕ್ಕೂ ಮೊದಲು ಪಟ್ಟಿ

ಯೋಜನೆಯ ಮೊದಲ ಕೆಲಸ ಪಟ್ಟಿ ಮಾಡುವುದು. ಮುಂದಿನ ಮೂರು ತಿಂಗಳಲ್ಲಿ ಹೊಸಬ ಮಾಡಬೇಕಾದ ಕೆಲಸಗಳನ್ನು ನೆನಪಿಗೆ ಬಂದಂತೆ ಬರೆಯಬೇಕು. ಬರೆದ ಮೇಲೆ ಪ್ರತಿ ಕೆಲಸದ ಮುಂದೆಯೂ ಒಂದೇ ಒಂದು ಪ್ರಶ್ನೆ ಹಾಕಿಕೊಳ್ಳಬೇಕು: ಇದನ್ನು ಅವನು ತಪ್ಪಾಗಿ ಮಾಡಿದರೆ ಏನಾಗುತ್ತದೆ?

ಉತ್ತರ ಮೂರು ಬಗೆಯದಾಗಿರುತ್ತದೆ. ಕೆಲವು ಕೆಲಸಗಳಲ್ಲಿ ಆದ ತಪ್ಪನ್ನು ಮರುದಿನ ಸರಿಪಡಿಸಬಹುದು. ಪಾತಿ ಮಾಡುವುದು, ಟೊಮ್ಯಾಟೊ ಗಿಡಕ್ಕೆ ಕೋಲು ಕಟ್ಟುವುದು, ಹೊದಿಕೆ ಹಾಸುವುದು ಇಂಥವು. ಇನ್ನು ಕೆಲವು ತಪ್ಪುಗಳಿಂದ ಆ ಹಂಗಾಮಿನ ಬೆಳೆಯೇ ಕೆಡುತ್ತದೆ. ಬೀಜದ ಆಳ, ಕಳೆನಾಶಕ, ಮೇಲುಗೊಬ್ಬರ, ರಾಗಿಯ ಎಳೆ ಪೈರಿನಲ್ಲಿ ರಾಗಿಯಂತೆಯೇ ಕಾಣುವ ಹುಲ್ಲನ್ನು ಗುರುತಿಸಿ ಕೀಳುವುದು ಈ ಗುಂಪಿಗೆ ಸೇರುತ್ತವೆ. ಮೂರನೆಯ ಗುಂಪಿನಲ್ಲಿ ತಪ್ಪಿನಿಂದ ಮನುಷ್ಯನಿಗೇ ಅಪಾಯ: ಕೀಟನಾಶಕ, ಒಕ್ಕಣೆ ಯಂತ್ರ, ಟ್ರ್ಯಾಕ್ಟರಿನ ಪಿ.ಟಿ.ಓ. ದಂಡ, ಕಳೆ ಕತ್ತರಿಸುವ ಯಂತ್ರ, ಪಂಪ್‌ಸೆಟ್ಟಿನ ವಿದ್ಯುತ್ತು, ಮರ ಹತ್ತುವುದು.

ಹೊಸಬನನ್ನು ಮೊದಲ ಗುಂಪಿನಿಂದ ಆರಂಭಿಸಿ ಮೂರನೆಯದಕ್ಕೆ ತರಬೇಕು. ಇದು ಎಲ್ಲರಿಗೂ ಗೊತ್ತಿರುವ ವಿಷಯವೆನಿಸಬಹುದು. ಆದರೆ ವಾಡಿಕೆಯಲ್ಲಿ ನಡೆಯುವುದು ಇದರ ವಿರುದ್ಧ. ಔಷಧಿ ಹೊಡೆಯುವ ಕೆಲಸ ಯಾರಿಗೂ ಬೇಡ. ಹಳಬರು ಜಾರಿಕೊಳ್ಳುತ್ತಾರೆ. ಆದ್ದರಿಂದ ಪಂಪು ಮೊದಲ ವಾರವೇ ಹೊಸಬನ ಹೆಗಲೇರುತ್ತದೆ. ಈ ವಾಡಿಕೆಯನ್ನು ಬಿಡದೆ ಬೇರೆ ಯಾವ ಯೋಜನೆ ಹಾಕಿದರೂ ವ್ಯರ್ಥವೆಂಬುದು ನನ್ನ ಅಭಿಪ್ರಾಯ.

ಕೆಲಸವನ್ನು ಬಿಡಿಸಿ ನೋಡುವುದು

ಕೈಕೆಲಸ ಕಲಿಸುವುದಕ್ಕೂ ಒಂದು ಶಾಸ್ತ್ರವಿದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹಡಗುಕಟ್ಟೆಗಳಿಗೆ ಸಾವಿರಾರು ಹೊಸ ಕೆಲಸಗಾರರು ಬೇಕಾದರು. ಆಗ ಚಾರ್ಲ್ಸ್ ಅಲೆನ್ ಎಂಬಾತ ನಾಲ್ಕು ಹಂತಗಳಲ್ಲಿ ಕೆಲಸ ಕಲಿಸುವ ಕ್ರಮವನ್ನು ಬಳಕೆಗೆ ತಂದು 1919ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ಎರಡನೆಯ ಮಹಾಯುದ್ಧದಲ್ಲಿ, 1940ರ ನಂತರ, ಅನುಭವಿ ಕೆಲಸಗಾರರು ಸೈನ್ಯಕ್ಕೆ ಹೋಗಿ ಅವರ ಜಾಗಕ್ಕೆ ಯಂತ್ರವನ್ನೇ ಕಾಣದವರು ಬಂದಾಗ, ಇದೇ ಕ್ರಮವನ್ನು ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಎಂಬ ಹೆಸರಿನಲ್ಲಿ ಅಲ್ಲಿನ ಕಾರ್ಖಾನೆಗಳಲ್ಲೆಲ್ಲ ಹರಡಿದರು. ಯುದ್ಧದ ನಂತರ ಜಪಾನಿನ ಕಾರ್ಖಾನೆಗಳೂ ಇದನ್ನು ತೆಗೆದುಕೊಂಡವು. ನಮ್ಮ ಹೊಲಗಳಿಗೆ ಇದು ಚೆನ್ನಾಗಿ ಹೊಂದುತ್ತದೆ.

ಇದರ ತಿರುಳು ಇಷ್ಟೆ. ಕಲಿಸುವ ಮೊದಲು ಕಲಿಸುವವನು ಕೆಲಸವನ್ನು ಹಂತ ಹಂತವಾಗಿ ಬಿಡಿಸಿ ಬರೆದುಕೊಳ್ಳಬೇಕು. ಪ್ರತಿ ಹಂತದ ಮುಂದೆ ಅದರ ಗುಟ್ಟನ್ನೂ, ಆ ಗುಟ್ಟಿಗೆ ಕಾರಣವನ್ನೂ ಬರೆಯಬೇಕು. ಗುಟ್ಟು ಎಂದರೆ ಅದು ತಪ್ಪಿದರೆ ಕೆಲಸ ಕೆಡುವಂಥದ್ದು, ಇಲ್ಲವೇ ಕೆಲಸಗಾರನಿಗೆ ಪೆಟ್ಟಾಗುವಂಥದ್ದು.

ಅಡಿಕೆ ಬೆಳೆಗಾರರಿಗೆ ಚಿರಪರಿಚಿತವಾದ ಬೋರ್ಡೋ ದ್ರಾವಣವನ್ನೇ ತೆಗೆದುಕೊಳ್ಳೋಣ. ಅಂದಿನ ಮೈಸೂರು ಸಂಸ್ಥಾನದಲ್ಲಿ ಡಾ. ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಅಂದಿನಿಂದ ನೂರು ವರ್ಷಗಳಿಗೂ ಮಿಗಿಲಾಗಿ ನಮ್ಮ ತೋಟಗಳು ಈ ದ್ರಾವಣವನ್ನು ಬಲ್ಲವು. ಶೇಕಡ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಇಷ್ಟನ್ನು ಹೇಳಿ ‘ಕಲಸಿಡು’ ಎಂದರೆ ಹೊಸಬ ಕಬ್ಬಿಣದ ಡ್ರಮ್ಮಿನಲ್ಲಿ ಎರಡನ್ನೂ ಒಟ್ಟಿಗೆ ಸುರಿದು ಕಲಸಿಡುತ್ತಾನೆ. ಬಣ್ಣ ನೀಲಿಯೇ ಬರುತ್ತದೆ. ಕೊಳೆ ಮಾತ್ರ ನಿಲ್ಲುವುದಿಲ್ಲ.

ಬಿಡಿಸಿ ಬರೆದರೆ ಹೀಗಾಗುತ್ತದೆ. ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸುವುದು ಮೊದಲ ಹಂತ. ಇದರ ಗುಟ್ಟು, ಪಾತ್ರೆ ಪ್ಲಾಸ್ಟಿಕ್ಕಿನದೋ ಮರದ್ದೋ ಮಣ್ಣಿನದೋ ಆಗಿರಬೇಕು. ಕಾರಣ, ಮೈಲುತುತ್ತದಲ್ಲಿರುವ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಪಾತ್ರೆಯೂ ತಿಂದುಹೋಗುತ್ತದೆ. ಇನ್ನೊಂದು ಪಾತ್ರೆಯ 50 ಲೀಟರ್ ನೀರಿನಲ್ಲಿ ಸುಣ್ಣವನ್ನು ಕದಡುವುದು ಎರಡನೆಯದು. ಗುಟ್ಟು, ಸುಣ್ಣ ಹೊಸದಾಗಿರಬೇಕು. ಗಾಳಿಗೆ ಬಿದ್ದು ಹಳತಾದ ಸುಣ್ಣಕ್ಕೆ ಶಕ್ತಿ ಇಲ್ಲ. ಮೂರನೆಯ ಹಂತ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕುವುದು. ಸುಣ್ಣವನ್ನು ತುತ್ತದ ಮೇಲೆ ಸುರಿಯಬಾರದೆಂಬುದೇ ಇಲ್ಲಿಯ ಗುಟ್ಟು, ಹಾಗೆ ಮಾಡಿದರೆ ಕಣಗಳು ದಪ್ಪವಾಗಿ ಬೇಗ ತಳ ಸೇರುತ್ತವೆ. ನಾಲ್ಕನೆಯದು ಪರೀಕ್ಷೆ. ಉಜ್ಜಿ ಹೊಳಪು ಮಾಡಿದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಲೇಪ ಕಂಡರೆ ತಾಮ್ರ ಇನ್ನೂ ಬಿಡುವಾಗಿದೆ ಎಂದರ್ಥ, ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಸೇರಿಸದಿದ್ದರೆ ಎಳೆಯ ಭಾಗಗಳು ಸುಡಬಹುದು. ಕೊನೆಗೆ ಸೋಸಿ, ಅಂದೇ ಬಳಸಿ ಮುಗಿಸಬೇಕು.

ಐದು ಹಂತ, ಐದು ಗುಟ್ಟು. ಇದನ್ನು ಬರೆಯಲು ಅರ್ಧ ಗಂಟೆ ಸಾಕು. ಬರೆಯುವಾಗ ರೈತರಿಗೇ ಒಂದು ವಿಷಯ ಅರಿವಿಗೆ ಬರುತ್ತದೆ. ಇಪ್ಪತ್ತು ವರ್ಷಗಳಿಂದ ಮಾಡುತ್ತಿರುವ ಕೆಲಸದ ಎಷ್ಟೋ ಗುಟ್ಟುಗಳು ತಮ್ಮ ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ. ಹನಿ ನೀರಾವರಿಯಲ್ಲಿ ಪಂಪು ಓಡುತ್ತಿರುವಾಗ ಮುಂದಿನ ವಾಲ್ವನ್ನು ತೆರೆದ ನಂತರವೇ ಹಿಂದಿನದನ್ನು ಮುಚ್ಚಬೇಕೆಂಬುದು ಇಂಥದೇ ಒಂದು ಸಂಗತಿ. ಮಾಲೀಕರು ಯೋಚಿಸದೆಯೇ ಹಾಗೆ ಮಾಡುತ್ತಾರೆ. ಹೇಳದೆ ಬಿಟ್ಟರೆ ಹೊಸಬ ಮೊದಲು ಮುಚ್ಚುತ್ತಾನೆ, ಒತ್ತಡಕ್ಕೆ ಪೈಪಿನ ಜೋಡಣೆ ಸಿಡಿಯುತ್ತದೆ.

ಕಲಿಸುವ ನಾಲ್ಕು ಹಂತಗಳು

ಕೆಲಸವನ್ನು ಬಿಡಿಸಿ ಬರೆದುಕೊಂಡ ಮೇಲೆ ಕಲಿಸಲು ತೊಡಗಬಹುದು. ಮೊದಲ ಹಂತ ಅಣಿಗೊಳಿಸುವುದು. ಸಾಮಾನುಗಳನ್ನು ಮುಂಚಿತವಾಗಿ ಜೋಡಿಸಿಟ್ಟು, ಹೊಸಬನನ್ನು ತನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡು, ಈ ಕೆಲಸ ಮೊದಲು ಮಾಡಿದ್ದಾನೆಯೇ, ಎಲ್ಲಿ, ಹೇಗೆ ಎಂದು ಕೇಳಬೇಕು. ಎದುರಿಗೆ ನಿಲ್ಲಿಸಿದರೆ ಎಡ ಬಲ ತಿರುವು ಮುರುವಾಗಿ ಕಾಣುತ್ತದೆ. ಸಣ್ಣ ವಿಷಯವಾದರೂ ಗಂಟು ಹಾಕುವ, ಕಸಿ ಕಟ್ಟುವ ಕೆಲಸಗಳಲ್ಲಿ ಇದೇ ಮುಖ್ಯ.

ಎರಡನೆಯದು ಮಾಡಿ ತೋರಿಸುವುದು. ಒಂದು ಸಲ ಮಾತಿಲ್ಲದೆ ಪೂರ್ತಿ ಮಾಡಬೇಕು. ಎರಡನೆಯ ಸಲ ಹಂತಗಳ ಹೆಸರು ಹೇಳುತ್ತಾ ಮಾಡಬೇಕು. ಮೂರನೆಯ ಸಲ ಗುಟ್ಟುಗಳನ್ನೂ ಕಾರಣಗಳನ್ನೂ ಹೇಳುತ್ತಾ ಮಾಡಬೇಕು. ಒಂದು ಸಲಕ್ಕೆ ಐದಾರು ಗುಟ್ಟುಗಳಿಗಿಂತ ಹೆಚ್ಚು ಹೇಳಬಾರದು. ನಮ್ಮಂಥ ಪಾಠ ಮಾಡುವವರೂ ವಿಸ್ತರಣಾ ಕಾರ್ಯಕರ್ತರೂ ಎಡವುವುದು ಇಲ್ಲೇ, ಗೊತ್ತಿರುವುದನ್ನೆಲ್ಲ ಒಂದೇ ದಿನ ಹೇಳಿ ಮುಗಿಸುವ ಆತುರ ನಮಗೆ.

ಮೂರನೆಯದು ಮಾಡಿಸಿ ನೋಡುವುದು. ಇಲ್ಲಿ ಒಂದು ಎಚ್ಚರ ಅಗತ್ಯ. ‘ತಿಳಿಯಿತೇನಪ್ಪಾ?’ ಎಂದು ಕೇಳಿದರೆ ‘ಹ್ಞೂಂ, ಯಜಮಾನ್ರೇ’ ಎಂಬ ಉತ್ತರವೇ ಬರುತ್ತದೆ. ಕೆಲಸ ಹೋದೀತೆಂಬ ಅಂಜಿಕೆ ಇರುವವನು ಬೇರೆ ಏನು ಹೇಳಿಯಾನು? ಅದರ ಬದಲು ‘ಈಗ ನೀನು ನನಗೆ ಕಲಿಸು, ನೋಡೋಣ’ ಎನ್ನಬೇಕು. ಅವನು ಮಾಡುತ್ತಾ ಹೇಳಬೇಕು. ನಡುವೆ ‘ಚಾಕು ಏಕೆ ಅದ್ದಿದೆ?’ ಎಂದು ಕೇಳಬೇಕು. ‘ನೀವು ಅದ್ದಿದಿರಿ, ಅದಕ್ಕೇ’ ಎಂದರೆ ಇನ್ನೂ ಕಲಿತಿಲ್ಲ. ‘ಕೆಂಪಾದರೆ ಸುಣ್ಣ ಸಾಲದು, ಅದಕ್ಕೆ’ ಎಂದರೆ ಕಲಿತಿದ್ದಾನೆ. ತಪ್ಪು ಮಾಡಿದ ಕೂಡಲೇ ತಿದ್ದಬೇಕು, ಆದರೆ ನಾಲ್ಕು ಜನರ ಮುಂದೆ ಗದರಬಾರದು. ಕನ್ನಡ ಬಾರದ ಕೆಲಸಗಾರರಿದ್ದಾಗ ಮಾತು ಕಡಿಮೆ ಮಾಡಿ ಕೈಯಿಂದ ತೋರಿಸುವುದನ್ನು ಹೆಚ್ಚಿಸಬೇಕು. ‘ನಿಲ್ಲಿಸು’, ‘ವಿಷ’, ‘ಕರೆಂಟು’, ‘ಕೈ ತೆಗೆ’ ಎಂಬ ನಾಲ್ಕು ಮಾತುಗಳನ್ನಾದರೂ ಮೊದಲ ದಿನವೇ ಅವರ ಭಾಷೆಯಲ್ಲಿ ನಾವು, ನಮ್ಮ ಭಾಷೆಯಲ್ಲಿ ಅವರು ಕಲಿತಿರಬೇಕು.

ನಾಲ್ಕನೆಯದು ಬಿಟ್ಟು ಗಮನಿಸುವುದು. ಕೆಲಸವನ್ನು ಅವನ ಕೈಗೆ ಒಪ್ಪಿಸಿ, ಅನುಮಾನ ಬಂದರೆ ಯಾರನ್ನು ಕೇಳಬೇಕೆಂದು ಹೆಸರು ಹೇಳಿ, ಮೊದಲ ದಿನ ನಾಲ್ಕು ಸಲ, ಮರುದಿನ ಎರಡು ಸಲ ಹೋಗಿ ನೋಡಬೇಕು. ಬರಬರುತ್ತಾ ಈ ಭೇಟಿಯನ್ನು ಕಡಿಮೆ ಮಾಡಬಹುದು.

ಒಂದು ಗುಂಟೆಯ ಪರೀಕ್ಷೆ

ಕಲಿತದ್ದನ್ನು ಕಣ್ಣಳತೆಯಿಂದ ತೀರ್ಮಾನಿಸದೆ ಅಳೆದು ತೀರ್ಮಾನಿಸುವುದು ಉತ್ತಮ. ಕೈಪಂಪಿನ ಸಿಂಪರಣೆಗೆ ಸುಲಭವಾದ ಒಂದು ವಿಧಾನವನ್ನು ಇಲ್ಲಿ ಕೊಟ್ಟಿದೆ.

33 ಅಡಿ ಉದ್ದ, 33 ಅಡಿ ಅಗಲದ ಜಾಗವನ್ನು ಗೂಟ ನೆಟ್ಟು ಗುರುತಿಸಿ. ಇದು ಒಂದು ಗುಂಟೆ, ಅಂದರೆ ಎಕರೆಯ 40ನೆಯ ಒಂದು ಭಾಗ. ಪಂಪಿಗೆ 10 ಲೀಟರ್ ಬರೀ ನೀರನ್ನು ಅಳೆದು ಹಾಕಿ, ಮೊದಲು ನುರಿತವನಿಂದ ಆ ಜಾಗಕ್ಕೆ ಸಿಂಪಡಿಸಿ. ಉಳಿದ ನೀರನ್ನು ಅಳೆಯಿರಿ. 6 ಲೀಟರ್ ಉಳಿದಿದ್ದರೆ ಗುಂಟೆಗೆ 4 ಲೀಟರ್ ಖರ್ಚಾಯಿತು, ಎಕರೆಗೆ 160 ಲೀಟರ್. 16 ಲೀಟರಿನ ಪಂಪಾದರೆ ಎಕರೆಗೆ 10 ಪಂಪು.

ಈಗ ಅದೇ ಪಂಪು, ಅದೇ ನಾಜಲಿನಿಂದ ಹೊಸಬ ಸಿಂಪಡಿಸಲಿ. ಅವನು ನಿಧಾನವಾಗಿ ನಡೆದು, ನಾಜಲನ್ನು ಅತ್ತಿತ್ತ ಬೀಸಿ, 6 ಲೀಟರ್ ಖರ್ಚು ಮಾಡಿದನೆಂದು ಭಾವಿಸೋಣ. ಎಕರೆಗೆ 240 ಲೀಟರ್, ಅಂದರೆ 15 ಪಂಪು. ಶೇಂಗಾ ಬಿತ್ತಿದ ಮೇಲೆ, ಮೊಳಕೆ ಬರುವ ಮೊದಲು ಪೆಂಡಿಮೆಥಾಲಿನ್ 30 ಇ.ಸಿ. ಕಳೆನಾಶಕವನ್ನು ಎಕರೆಗೆ ಸುಮಾರು 1.3 ಲೀಟರ್ ಹೊಡೆಯಬೇಕಾಗಿದೆ ಎನ್ನಿ. 10 ಪಂಪಿನ ಲೆಕ್ಕದಲ್ಲಿ ಪಂಪಿಗೆ 130 ಮಿ.ಲೀ. ಎಂದು ಮಾಲೀಕರು ಹೇಳಿಹೋಗಿರುತ್ತಾರೆ. ಹೊಸಬ ಹೇಳಿದಂತೆಯೇ 130 ಮಿ.ಲೀ. ಹಾಕುತ್ತಾನೆ, ಆದರೆ 15 ಪಂಪು ಹೊಡೆಯುತ್ತಾನೆ. ಎಕರೆಗೆ 1950 ಮಿ.ಲೀ. ಬಿತ್ತು. ಅಳತೆ ತಪ್ಪಲಿಲ್ಲ, ಮಾತು ಮೀರಲಿಲ್ಲ, ಆದರೂ ಒಂದೂವರೆ ಪಟ್ಟು ವಿಷ ನೆಲಕ್ಕಿಳಿಯಿತು. ಬೇಗ ಬೇಗ ನಡೆಯುವವನಾದರೆ ಇದರ ತಿರುವು: ಏಳೇ ಪಂಪಿಗೆ ಎಕರೆ ಮುಗಿದು, ‘ಈ ಔಷಧಿಯಲ್ಲಿ ಸತ್ವವಿಲ್ಲ’ ಎಂಬ ದೂರು ಅಂಗಡಿಯವನ ತನಕ ಹೋಗುತ್ತದೆ.

ಹೊಸಬನ ಖರ್ಚು ನುರಿತವನ ಖರ್ಚಿಗೆ ಹತ್ತಿರ ಬರುವವರೆಗೆ, ಅಂದರೆ 4 ಲೀಟರಿಗೆ ಅರ್ಧ ಲೀಟರ್ ಆಚೀಚೆ ಆಗುವವರೆಗೆ, ಬರೀ ನೀರಿನಲ್ಲೇ ಅಭ್ಯಾಸ ಮಾಡಿಸಬೇಕು. ಸಾಮಾನ್ಯವಾಗಿ ಎರಡು ಬೆಳಗು ಸಾಕಾಗುತ್ತದೆ. ಹಿಂದೆ ಹಿಂದೆ ಹೆಜ್ಜೆ ಇಟ್ಟು ನಡೆಯಬೇಕು, ಏಕೆಂದರೆ ಕಳೆನಾಶಕ ಬಿದ್ದ ನೆಲವನ್ನು ತುಳಿದರೆ ಮೇಲಿನ ತೆಳು ಪದರ ಕದಡುತ್ತದೆ. ಇದೂ ನೀರಿನಲ್ಲೇ ರೂಢಿಯಾಗಲಿ.

ಮೇಲುಗೊಬ್ಬರಕ್ಕೂ ಹೀಗೆಯೇ. ಕೊಡಬೇಕಾದ ಯೂರಿಯಾವನ್ನು ಎರಡು ಭಾಗ ಮಾಡಿ, ಒಂದು ಭಾಗವನ್ನು ಹೊಲದ ಉದ್ದಕ್ಕೆ, ಇನ್ನೊಂದನ್ನು ಅಡ್ಡಕ್ಕೆ ಎರಚಲು ಹೇಳಿದರೆ ಹೊಸ ಕೈಯಿಂದಲೂ ಸಮನಾಗಿ ಬೀಳುತ್ತದೆ. ಇಬ್ಬನಿ ಆರಿದ ಮೇಲೆ ಎರಚಬೇಕು, ಒದ್ದೆ ಎಲೆಗೆ ಅಂಟಿದ ಯೂರಿಯಾ ಎಲೆಯನ್ನು ಸುಡುತ್ತದೆ. ಅಂದ ಹಾಗೆ, ಯೂರಿಯಾ ಚೀಲ 2018ರಿಂದ 45 ಕಿಲೋ ತೂಕದ್ದಾಗಿದೆ. 50 ಕಿಲೋ ಚೀಲದ ಕಾಲದಲ್ಲಿ ಕಲಿತ ಹಳಬರು ಇಂದಿಗೂ ‘ಎಕರೆಗೆ ಒಂದು ಚೀಲ’ ಎಂದೇ ಹೊಸಬರಿಗೆ ಕಲಿಸುತ್ತಾರೆ. ಕಲಿಸುವವರ ಲೆಕ್ಕವನ್ನೂ ಆಗಾಗ ತೂಗಿ ನೋಡಬೇಕಾಗುತ್ತದೆ.

ವಿಷಕ್ಕೆ ಔಷಧಿಯೆಂಬ ಹೆಸರು

ನಾವು ಕೀಟನಾಶಕಕ್ಕೆ ಔಷಧಿ ಎನ್ನುತ್ತೇವೆ. ಮಲೆನಾಡು, ಕರಾವಳಿಯಲ್ಲಿ ಮದ್ದು. ಉತ್ತರ ಕರ್ನಾಟಕದಲ್ಲಿ ಎಣ್ಣಿ. ಮೂರೂ ಮನೆಯೊಳಗಿನ, ಭಯವಿಲ್ಲದ ಮಾತುಗಳು. ಹೊಸಬನಿಗೆ ಕಲಿಸುವಾಗಲಾದರೂ ಇದನ್ನು ವಿಷವೆಂದೇ ಕರೆಯುವುದು ಒಳ್ಳೆಯದು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿ ಬೆಳೆಗೆ ಕೀಟನಾಶಕ ಸಿಂಪಡಿಸುತ್ತಿದ್ದ ಹಲವು ರೈತರು ಮತ್ತು ಕೂಲಿಕಾರರು ವಿಷವೇರಿ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಅವರು ವಿಷ ಕುಡಿದವರಲ್ಲ, ಕೆಲಸ ಮಾಡುತ್ತಿದ್ದವರು.

ಬಹುಪಾಲು ವಿಷ ಮೈ ಸೇರುವುದು ಚರ್ಮದ ಮೂಲಕ ಎಂಬುದನ್ನು ಕೆಲಸಗಾರರು ನಂಬುವುದು ಕಷ್ಟ. ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಸಾಕೆಂದು ತಿಳಿದಿರುತ್ತಾರೆ. ನಂಬಿಸಲು ಒಂದು ಉಪಾಯವಿದೆ. ನೀರಿಗೆ ಬಟ್ಟೆಗೆ ಹಾಕುವ ನೀಲಿ ಬೆರೆಸಿ ಪಂಪಿಗೆ ತುಂಬಿ, ಹೊಸಬನಿಗೆ ಹಳೆಯ ಬಿಳಿ ಅಂಗಿ, ಬಿಳಿ ಪಂಚೆ ಕೊಟ್ಟು ಹತ್ತು ನಿಮಿಷ ಸಿಂಪಡಿಸಲು ಹೇಳಿ. ನಂತರ ಅಂಗಿಯ ಬೆನ್ನು, ಪಂಚೆಯ ಮುಂಭಾಗ, ಬೆರಳುಗಳನ್ನು ಅವನೇ ನೋಡಲಿ. ಪಂಪಿನ ಮುಚ್ಚಳ ಸೋರುತ್ತಿದ್ದರೆ ಬೆನ್ನು ನೀಲಿಯಾಗಿರುತ್ತದೆ. ಗಾಳಿಗೆ ಎದುರಾಗಿ ನಡೆದಿದ್ದರೆ ಎದೆ, ಮುಖ ನೀಲಿಯಾಗಿರುತ್ತವೆ. ಒಂದು ಗಂಟೆಯ ಉಪನ್ಯಾಸ ಮಾಡದ ಕೆಲಸವನ್ನು ಈ ಅಂಗಿ ಮಾಡುತ್ತದೆ.

ಗಾಳಿಯ ವಿಷಯವನ್ನು ನಿಂತಲ್ಲೇ ದಿಕ್ಕು ತೋರಿಸಿ ಕಲಿಸಬೇಕು. ಗಾಳಿ ಪಡುವಣದಿಂದ ಬೀಸುತ್ತಿದ್ದರೆ ಹೊಲದ ಮೂಡಣ ಅಂಚಿನಿಂದ ಆರಂಭಿಸಿ, ತೆಂಕಣ–ಬಡಗಣವಾಗಿ ನಡೆಯುತ್ತಾ, ಸಾಲಿನಿಂದ ಸಾಲಿಗೆ ಪಡುವಣಕ್ಕೆ ಸರಿಯಬೇಕು. ಹೀಗೆ ಮಾಡಿದರೆ ಸಿಂಪಡಿಸಿದ ಹನಿ ಹಿಂದಕ್ಕೆ ಹೋಗುತ್ತದೆ, ನಡೆಯುವವನು ಯಾವಾಗಲೂ ಸಿಂಪಡಿಸದ ಕಡೆ ಇರುತ್ತಾನೆ. ಗಾಳಿ ಜೋರಾದರೆ, ಬಿಸಿಲು ಏರಿದರೆ ಕೆಲಸ ನಿಲ್ಲಿಸಬೇಕು.

ಡಬ್ಬಿಯ ಮೇಲಿನ ಗುರುತು ಓದು ಬಾರದವನಿಗೂ ಕಲಿಸಬಹುದಾದದ್ದು. ಕೆಂಪು ಬಣ್ಣದ್ದು ಅತ್ಯಂತ ತೀವ್ರ ವಿಷ, ಹಳದಿ ಅದರ ನಂತರದ್ದು, ನೀಲಿ ಮಧ್ಯಮ, ಹಸಿರು ಕಡಿಮೆ. ಹಸಿರೆಂದರೆ ವಿಷವೇ ಅಲ್ಲವೆಂದು ತಿಳಿಯುವವರಿದ್ದಾರೆ, ಅದನ್ನು ಬಿಡಿಸಿ ಹೇಳಬೇಕು. ನಾಜಲು ಕಟ್ಟಿಕೊಂಡರೆ ಬಾಯಿಂದ ಊದಬಾರದು, ತೆಳುವಾದ ಹುಲ್ಲುಕಡ್ಡಿಯಿಂದ ಬಿಡಿಸಬೇಕು. ಕೆಲಸದ ನಡುವೆ ಬೀಡಿ, ಎಲೆ ಅಡಿಕೆ, ಊಟ ಕೂಡದು. ಕಳೆನಾಶಕಕ್ಕೆ ಬೇರೆಯೇ ಪಂಪು ಇರಬೇಕು. 2,4-ಡಿ ಹೊಡೆದ ಪಂಪನ್ನು ತೊಳೆದು ಮರುವಾರ ಹತ್ತಿಗೋ ಟೊಮ್ಯಾಟೊಗೋ ದ್ರಾಕ್ಷಿಗೋ ಕೀಟನಾಶಕ ಹೊಡೆದರೆ, ಒಳಗುಳಿದ ಅಲ್ಪಸ್ವಲ್ಪಕ್ಕೇ ಎಲೆಗಳು ಸೊಟ್ಟಗಾಗಿ ಬೆಳೆ ಕುಂಠಿತವಾಗುತ್ತದೆ. ಎರಡು ಪಂಪಿಗೂ ಬೇರೆ ಬೇರೆ ಬಣ್ಣ ಬಳಿದಿಟ್ಟರೆ ಹೊಸಬನಿಗೆ ಗೊಂದಲವಿರುವುದಿಲ್ಲ.

ವಿಷ ತಗುಲಿದ ಲಕ್ಷಣಗಳನ್ನು ಪಂಪು ಕೊಡುವ ಮುನ್ನವೇ ತಿಳಿಸಬೇಕು: ತಲೆನೋವು, ತಲೆಸುತ್ತು, ವಾಕರಿಕೆ, ವಿಪರೀತ ಬೆವರು, ಬಾಯಲ್ಲಿ ನೀರು, ಕಣ್ಣು ಮಂಜಾಗುವುದು, ಮಾಂಸಖಂಡಗಳ ಅದುರು. ಇವುಗಳಲ್ಲಿ ಯಾವುದು ಕಂಡರೂ ಕೆಲಸ ಬಿಟ್ಟು, ಬಟ್ಟೆ ಕಳಚಿ, ಸೋಪು ಹಚ್ಚಿ ಮೈ ತೊಳೆದು, ಡಬ್ಬಿಯ ಲೇಬಲ್ ಸಮೇತ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ‘ತಲೆ ನೋಯುತ್ತಿದೆ’ ಎಂದವನನ್ನು ‘ಮೈಗಳ್ಳ’ ಎಂದು ಒಂದು ಸಲ ಹೀಗಳೆದರೆ ಅವನು ಎರಡನೆಯ ಸಲ ಹೇಳುವುದಿಲ್ಲ. ಪ್ಯಾರಾಕ್ವಾಟ್‌ನಂಥ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲವೆಂಬುದನ್ನೂ ಕೆಲಸಗಾರರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಕೀಟನಾಶಕಗಳ ಕಾಯ್ದೆ 1968ರಲ್ಲಿ ಬಂತು, ಅದರ 1971ರ ನಿಯಮಗಳಲ್ಲಿ ರಕ್ಷಣಾ ಉಡುಪು, ಪ್ರಥಮ ಚಿಕಿತ್ಸೆ, ಕೆಲಸಗಾರರ ತರಬೇತಿ ಇವೆಲ್ಲಕ್ಕೂ ಸ್ಥಾನವಿದೆ. ಹದಿನೆಂಟು ತುಂಬದವರ ಕೈಗೆ ಪಂಪು ಕೊಡಲೇಬಾರದು.

ಯಂತ್ರಗಳ ಬಗ್ಗೆ ಎರಡು ಮಾತು. ಒಕ್ಕಣೆ ಯಂತ್ರಗಳಿಂದಾಗುವ ಅಂಗಚ್ಛೇದವನ್ನು ತಡೆಯಲೆಂದೇ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ 1983ರಲ್ಲಿ ಬಂದಿದೆ. ಹೊಸಬನಿಗೆ ಮೊದಲು ಕಲಿಸಬೇಕಾದದ್ದು ಯಂತ್ರವನ್ನು ನಿಲ್ಲಿಸುವುದು, ಆಮೇಲೆ ನಡೆಸುವುದು. ಸಿಕ್ಕಿಕೊಂಡ ಹುಲ್ಲನ್ನು ಯಂತ್ರ ಪೂರ್ತಿ ನಿಂತ ಮೇಲಷ್ಟೇ ತೆಗೆಯಬೇಕು. ಪಂಚೆ, ಟವಲು, ಸೆರಗು, ಜಡೆ ಯಾವುದೂ ತಿರುಗುವ ಭಾಗದ ಹತ್ತಿರ ಜೋಲಾಡಬಾರದು.

ನಾಲ್ಕು ವಾರಗಳ ಮಾದರಿ

ಕೊಳವೆ ಬಾವಿಯ ಆಶ್ರಯದಲ್ಲಿ ತೆಂಗು, ಟೊಮ್ಯಾಟೊ, ರಾಗಿ ಇರುವ ಜಮೀನಿಗೆ ಹೊಂದುವ ಒಂದು ಮಾದರಿಯನ್ನು ಹೇಳುತ್ತೇನೆ. ಮೊದಲ ವಾರ ಜಮೀನಿನ ಗುರುತು, ಬದುಗಳು, ಪೈಪ್‌ಲೈನ್ ಹೋಗಿರುವ ಜಾಡು, ವಿದ್ಯುತ್ ಪೆಟ್ಟಿಗೆ, ವಿಷದ ಬೀರು, ಕೈ ತೊಳೆಯುವ ಜಾಗ ಇವನ್ನು ತೋರಿಸಿ, ಪಾತಿ, ಕೋಲು ಕಟ್ಟುವುದು, ಕೊಯ್ಲಿನಲ್ಲಿ ಕಾಯಿಯ ಹದ ಗುರುತಿಸುವುದು ಇಷ್ಟಕ್ಕೆ ಸೀಮಿತಗೊಳಿಸಬೇಕು. ಎರಡನೆಯ ವಾರ ಹನಿ ನೀರಾವರಿಯ ಫಿಲ್ಟರ್ ತೊಳೆಯುವುದು, ವಾಲ್ವುಗಳ ಸರದಿ, ಕಳೆ ಗುರುತಿಸುವುದು. ಮೂರನೆಯ ವಾರ ಗೊಬ್ಬರ, ಬರೀ ನೀರಿನ ಪಂಪು, ಒಂದು ಗುಂಟೆಯ ಪರೀಕ್ಷೆ, ನೀಲಿ ಅಂಗಿ. ನಾಲ್ಕನೆಯ ವಾರದಲ್ಲಿ, ಪರೀಕ್ಷೆಯಲ್ಲಿ ಗೆದ್ದಿದ್ದರೆ ಮಾತ್ರ, ನುರಿತವನ ಜೊತೆಯಲ್ಲಿ ನಿಜವಾದ ಸಿಂಪರಣೆ. ಒಬ್ಬಂಟಿಯಾಗಿ ಸಿಂಪರಣೆಗೆ ಎರಡನೆಯ ತಿಂಗಳಲ್ಲೂ ಕಳಿಸಬಾರದು.

ಹಾಳೆಯ ಮೇಲೆ ಮೂರು ಕಲಮುಗಳು ಸಾಕು: ಕೆಲಸ, ತೋರಿಸಿದ ದಿನ, ಒಬ್ಬನೇ ಮಾಡಬಲ್ಲನೆಂದು ಒಪ್ಪಿದ ದಿನ. ಮೂರನೆಯ ಕಲಮು ಖಾಲಿಯಿರುವ ಕೆಲಸಕ್ಕೆ ಎಷ್ಟೇ ಅವಸರವಿದ್ದರೂ ಅವನನ್ನು ಒಬ್ಬನನ್ನೇ ಕಳಿಸಕೂಡದು. ಪಂಪ್‌ಹೌಸಿನ ಗೋಡೆಗೆ ಇದನ್ನು ಅಂಟಿಸಿದ್ದರೆ ಮಾಲೀಕರು ಊರಲ್ಲಿಲ್ಲದ ದಿನ ಮನೆಯವರಿಗೂ ತಿಳಿಯುತ್ತದೆ.

ಈ ವಾರಗಳ ಕೂಲಿಯನ್ನು ಪೂರ್ತಿ ಕೊಡಬೇಕು. ‘ಕಲಿಯುವವನಿಗೆ ಅರ್ಧ ಕೂಲಿ’ ಎಂದರೆ ಬಾರದ್ದನ್ನೂ ಬರುತ್ತದೆ ಎನ್ನುತ್ತಾನೆ. ಅಲ್ಲದೆ, ಮೊದಲ ತಿಂಗಳು ಗುತ್ತಿಗೆ ಲೆಕ್ಕದಲ್ಲಿ ಕೆಲಸ ಕೊಡಬಾರದು. ಎಕರೆಗೆ ಇಷ್ಟು ಎಂದು ಮಾತಾದರೆ ಕಾಲು ಬೇಗ ಓಡುತ್ತದೆ, ಕೈ ಕಲಿಯುವುದಿಲ್ಲ. ಕಲಿಸುವ ಕೆಲಸಕ್ಕೆ ಹಳೆಯ ಕೆಲಸಗಾರನನ್ನು ನೇಮಿಸಿದರೆ ಆ ದಿನಗಳಲ್ಲಿ ಅವನ ಕೆಲಸ ಕಡಿಮೆಯಾಗುವುದನ್ನು ಒಪ್ಪಿಕೊಳ್ಳಬೇಕು, ಸ್ವಲ್ಪ ಹೆಚ್ಚು ಕೂಲಿ ಕೊಟ್ಟರೆ ಇನ್ನೂ ಒಳ್ಳೆಯದು. ಇಲ್ಲವಾದರೆ ತನ್ನ ಗುಟ್ಟನ್ನು ತಾನು ಬಿಟ್ಟುಕೊಡುವುದಿಲ್ಲ. ಅದು ಸಹಜ.

ಹೆಣ್ಣಾಳುಗಳನ್ನು ತರಬೇತಿಯಿಂದ ಹೊರಗಿಡುವ ರೂಢಿ ಬಲವಾಗಿದೆ. ಪಂಪು ಹೊರುವುದು ಗಂಡಸಾದರೂ ನೀರು ಹೊತ್ತು ತರುವುದು, ಹಲವು ಕಡೆ ವಿಷ ಬೆರೆಸಿ ಕೊಡುವುದು, ಮರುದಿನವೇ ಆ ಹೊಲದಲ್ಲಿ ಕಳೆ ತೆಗೆಯುವುದು, ಸಂಜೆ ಆ ಬಟ್ಟೆಗಳನ್ನು ಒಗೆಯುವುದು ಹೆಂಗಸರು. ಬೆರೆಸುವವರ ಕೈಗೆ ತಾಗುವುದು ನೀರು ಬೆರೆಯದ ವಿಷ. ಕೈಗವಸು ಮೊದಲು ಅವರಿಗೆ ಸಿಗಬೇಕು.

ವಿಸ್ತರಣಾ ಕಾರ್ಯಕರ್ತರಿಗೆ

1970ರ ದಶಕದಲ್ಲಿ ಭಾರತದ ಹಲವು ರಾಜ್ಯಗಳಲ್ಲಿ ಜಾರಿಗೆ ಬಂದ ‘ತರಬೇತಿ ಮತ್ತು ಭೇಟಿ’ ಪದ್ಧತಿಯನ್ನು ಹಿರಿಯ ಕಾರ್ಯಕರ್ತರು ನೆನಪಿಸಿಕೊಳ್ಳಬಹುದು. ಹದಿನೈದು ದಿನಕ್ಕೊಮ್ಮೆ, ಆ ಹದಿನೈದು ದಿನಕ್ಕೆ ಬೇಕಾದ ಕೆಲವೇ ವಿಷಯಗಳ ತರಬೇತಿ, ನಂತರ ಗೊತ್ತಾದ ದಿನ ಗೊತ್ತಾದ ಹಳ್ಳಿಗೆ ಭೇಟಿ ಎಂಬುದು ಅದರ ರೀತಿ. ಆ ಪದ್ಧತಿಯ ಕುಂದುಗಳೇನೇ ಇರಲಿ, ‘ಕೆಲವೇ ವಿಷಯ, ಗೊತ್ತಾದ ದಿನ’ ಎಂಬ ಎರಡು ಅಂಶಗಳು ಕೆಲಸಗಾರರ ತರಬೇತಿಗೆ ಇಂದಿಗೂ ಒಪ್ಪುತ್ತವೆ. ಈಗ ನಾವು ನಡೆಸುವ ತರಬೇತಿಗಳಿಗೆ ಬರುವವರು ಜಮೀನಿನ ಮಾಲೀಕರು. ಪಂಪು ಹೊರುವವರು ಆ ಹೊತ್ತಿಗೆ ಹೊಲದಲ್ಲಿರುತ್ತಾರೆ. ಅವರ ಒಂದು ದಿನದ ಕೂಲಿ ಹೋಗದಂತೆ ಮಾಲೀಕರನ್ನು ಒಪ್ಪಿಸಿ, ಸಭಾಭವನದ ಬದಲು ಹೊಲದಲ್ಲೇ, ಬೆಳಗಿನ ಎರಡು ಗಂಟೆ, ಹತ್ತು ಹನ್ನೆರಡು ಜನರಿಗೆ ಮೀರದಂತೆ ಏರ್ಪಡಿಸಿದರೆ ಉಪಯೋಗ ಹೆಚ್ಚು. ಕೃಷಿ ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೇಂದ್ರಗಳಿಗೆ ಸೇರುವ ಹೊಸ ಚಾಲಕರಿಗೂ ಇದೇ ಕ್ರಮದಲ್ಲಿ ಕಲಿಸಬಹುದು.

1974ರಲ್ಲಿ ಪುದುಚೇರಿಯಲ್ಲಿ ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ ಆರಂಭವಾದಾಗ ಮಾಡುತ್ತಾ ಕಲಿಯುವುದೇ ಅದರ ತಳಹದಿಯಾಗಿತ್ತು. ಇಂದು ನಮ್ಮ ಬಹುತೇಕ ಜಿಲ್ಲೆಗಳಲ್ಲಿ ಇಂಥ ಕೇಂದ್ರಗಳಿವೆ. ಮುಂಗಾರಿನ ಸಿಂಪರಣೆ ಆರಂಭವಾಗುವ ಮುನ್ನ, ಏಪ್ರಿಲ್–ಮೇ ತಿಂಗಳಲ್ಲಿ, ನಾಲ್ಕೈದು ರೈತರು ಸೇರಿ ತಮ್ಮ ಹೊಸ ಕೆಲಸಗಾರರ ಹೆಸರು ಬರೆದುಕೊಂಡು ಹತ್ತಿರದ ಕೇಂದ್ರದ ವಿಷಯ ತಜ್ಞರನ್ನು ಕಂಡರೆ, ಒಂದು ಗುಂಟೆಯ ಪರೀಕ್ಷೆಯನ್ನು ಅವರ ಹೊಲದಲ್ಲೇ ನಡೆಸಿ ತೋರಿಸುವಂತೆ ಕೋರಬಹುದು. ಹೋಗುವಾಗ ಪಂಪು, ನಾಜಲುಗಳನ್ನು ತಪ್ಪದೆ ಜೊತೆಯಲ್ಲಿ ಒಯ್ಯಿರಿ. ನಾಜಲು ಸವೆದಿದ್ದರೆ ಎಂಥ ನುರಿತವನ ಅಳತೆಯೂ ಸರಿಬಾರದು.